ಉಕ್ರೇನಿನ ಮಕ್ಕಳಿಗೆ ಹೊರದೇಶದಲ್ಲಿ ಆಶ್ರಯ: ಯಾವ ಬಾಗಿಲು ತೆರೆದಿದೆ, ಯಾವ ಕಾಗದ ಮೊದಲು ಬೇಕು

ಪ್ರಶ್ನೆ: ನಾವು ಮೈಸೂರಿನವರು, ಹಲವು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿದ್ದೇವೆ. ನನಗೆ ಕಾಯಂ ವಾಸದ ಅನುಮತಿ ಸಿಕ್ಕಿದೆ. ನನ್ನ ಪತಿ ಇನ್ನೂ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರು ಉಕ್ರೇನಿನವರು, 2022ರಲ್ಲಿ ಬ್ರಿಟನ್ನಿನಲ್ಲಿರುವ ಸಂಬಂಧಿಕರನ್ನು ಸೇರಲು ಕೊಡುತ್ತಿದ್ದ ಉಕ್ರೇನ್ ಫ್ಯಾಮಿಲಿ ಸ್ಕೀಮ್ ವೀಸಾ ಪಡೆದು ಇಲ್ಲಿಗೆ ಬಂದರು. ಅವರ ತಂಗಿ 15 ವರ್ಷದ ಮಗ ಮತ್ತು 9 ವರ್ಷದ ಮಗಳೊಂದಿಗೆ ಇನ್ನೂ ಖಾರ್ಕಿವ್‌ನಲ್ಲಿಯೇ ಇದ್ದಾರೆ. ತಂಗಿಯ ಗಂಡ ಸೇನೆಯಲ್ಲಿದ್ದಾರೆ. ವಯಸ್ಸಾದ ಅತ್ತೆಯವರನ್ನು ಬಿಟ್ಟು ತಂಗಿ ತಕ್ಷಣ ಹೊರಡಲಾರರು. ಮಗನನ್ನಾದರೂ ಮೊದಲು ಕಳುಹಿಸಬೇಕೆಂಬುದು ಅವರ ಯೋಚನೆ. ನಮ್ಮ ಮನೆಯಲ್ಲಿ ಎರಡು ಕೋಣೆಗಳು ಖಾಲಿ ಇವೆ. ಹುಡುಗನಿಗೆ ಯಾವ ವೀಸಾ ಸಿಗುತ್ತದೆ? ಬ್ರಿಟನ್ ಆಗದಿದ್ದರೆ ಕೆನಡಾ ಅಥವಾ ಅಮೆರಿಕ ಆಗಬಹುದೇ? ಏನೂ ಆಗದಿದ್ದರೆ ಸ್ವಲ್ಪ ಕಾಲ ಮೈಸೂರಿನ ನಮ್ಮ ಮನೆಯಲ್ಲಿ ಇರಬಹುದೇ?
– ಹೆಸರು ಬೇಡ, ರೆಡಿಂಗ್

ಉತ್ತರ: ನಿಮ್ಮ ಪ್ರಶ್ನೆಗೆ ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನನ್ನು ಒಬ್ಬನನ್ನೇ ಮುಂದೆ ಕಳುಹಿಸಬೇಡಿ. ಸಾಧ್ಯವಿದ್ದರೆ ತಾಯಿ, ಇಬ್ಬರು ಮಕ್ಕಳು ಮತ್ತು ಅತ್ತೆಯವರು ಒಟ್ಟಿಗೆ ಪೋಲೆಂಡಿಗೆ ದಾಟಿ, ಐರೋಪ್ಯ ಒಕ್ಕೂಟದ ತಾತ್ಕಾಲಿಕ ರಕ್ಷಣೆಯನ್ನು ಪಡೆಯಲಿ. ಅಕ್ಕನ, ಅಂದರೆ ನಿಮ್ಮ ಸಹೋದ್ಯೋಗಿಯ, ಹತ್ತಿರವೇ ಇರಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಬ್ರಿಟನ್ನಿಗೆ ಅರ್ಜಿಯನ್ನು ಆ ಸುರಕ್ಷಿತ ನೆಲದಿಂದ ಸಲ್ಲಿಸಲಿ. ಈ ಕ್ರಮವನ್ನು ಸೂಚಿಸುವುದಕ್ಕೆ ಕಾರಣವಿದೆ: ಮಕ್ಕಳ ಪ್ರಕರಣದಲ್ಲಿ ಅಧಿಕಾರಿಗಳು ವೀಸಾದ ಹೆಸರಿಗಿಂತ ಮೊದಲು ಕೇಳುವುದು ಈ ಮಗುವಿನ ಕಾನೂನುಬದ್ಧ ಹೊಣೆ ಯಾರದು, ಆ ವ್ಯಕ್ತಿ ಎಲ್ಲಿದ್ದಾರೆ ಎಂಬುದನ್ನು. ತಾಯಿ ಜೊತೆಗಿದ್ದರೆ ಈ ಪ್ರಶ್ನೆಗೆ ಜನನ ಪ್ರಮಾಣಪತ್ರವೊಂದೇ ಉತ್ತರ ಕೊಡುತ್ತದೆ. ತಾಯಿ ಜೊತೆಗಿಲ್ಲದಿದ್ದರೆ ಎರಡು ದೇಶಗಳ ಅಧಿಕಾರಿಗಳು, ನೋಟರಿ, ಸ್ಥಳೀಯ ಕೌನ್ಸಿಲ್, ಮಕ್ಕಳ ಕಲ್ಯಾಣ ಇಲಾಖೆ ಎಲ್ಲರೂ ಸೇರಿ ಉತ್ತರ ಹುಡುಕಬೇಕಾಗುತ್ತದೆ, ಅದಕ್ಕೆ ತಿಂಗಳುಗಳೇ ಬೇಕಾಗಬಹುದು.

ಮೊದಲು ಉಕ್ರೇನಿನ ಗಡಿಯನ್ನು ನೋಡೋಣ, ಏಕೆಂದರೆ ಹೊರಗಿನ ದೇಶ ಬಾಗಿಲು ತೆರೆದಿದ್ದರೂ ಒಳಗಿನ ದೇಶ ಬಿಡಬೇಕಲ್ಲ. ಸಮರ ಕಾಲದ ಕಾನೂನು ಜಾರಿಯಲ್ಲಿರುವುದರಿಂದ 16 ವರ್ಷ ತುಂಬದ ಮಗು ಒಂಟಿಯಾಗಿ ಗಡಿ ದಾಟುವಂತಿಲ್ಲ. ಆದರೆ ತಂದೆ ಅಥವಾ ತಾಯಿ ಇವರಲ್ಲಿ ಒಬ್ಬರು ಜೊತೆಗಿದ್ದರೆ ಸಾಕು. ಇನ್ನೊಬ್ಬರ ನೋಟರಿ ಒಪ್ಪಿಗೆಯನ್ನು ಗಡಿ ಕಾವಲಿನವರು ಕೇಳುವುದಿಲ್ಲ. ಯುದ್ಧಕ್ಕೆ ಮುಂಚೆ ಹೀಗಿರಲಿಲ್ಲ, ಸಡಿಲಿಕೆ ಬಂದದ್ದು ಯುದ್ಧದ ನಂತರ. ಅಜ್ಜ, ಅಜ್ಜಿ, ವಯಸ್ಕ ಅಣ್ಣ ಅಥವಾ ಅಕ್ಕ, ಮಲತಂದೆ, ಮಲತಾಯಿ ಇವರಲ್ಲಿ ಯಾರಾದರೂ ಮಗುವನ್ನು ಕರೆದುಕೊಂಡು ಹೋಗಬಹುದು. ಬೇರೆ ಯಾರಾದರೂ ಕರೆದೊಯ್ಯುವುದಾದರೆ ತಂದೆ ತಾಯಿಯಲ್ಲಿ ಒಬ್ಬರ ಲಿಖಿತ ಹೇಳಿಕೆ ಬೇಕು, ಅದನ್ನು ಅಲ್ಲಿನ ಪಾಲನಾ ಪ್ರಾಧಿಕಾರ ದೃಢೀಕರಿಸಿರಬೇಕು. ಇಲ್ಲಿ ಅನೇಕರು ಎಡವುತ್ತಾರೆ. ಗಡಿ ದಾಟಲು ಸಾಕಾಗುವ ಕಾಗದ, ಹೊರದೇಶದಲ್ಲಿ ಮಗುವನ್ನು ಸಾಕಲು ಸಾಕಾಗುವ ಕಾಗದವಲ್ಲ. ಅಜ್ಜಿಯೊಂದಿಗೆ ಪೋಲೆಂಡಿನ ಗಡಿ ಊರಾದ ಪ್ಶೆಮಿಶಲ್‌ನ ರೈಲು ನಿಲ್ದಾಣದಲ್ಲಿ ಇಳಿದ ಮಗುವನ್ನು ಉಕ್ರೇನ್ ಸರಿಯಾಗಿಯೇ ಬಿಟ್ಟಿರುತ್ತದೆ. ಆದರೆ ಅಜ್ಜಿ ಕಾನೂನಿನ ಪ್ರಕಾರ ಪಾಲಕರಲ್ಲವಾದ್ದರಿಂದ ಆ ಮಗು ಪೋಷಕರಿಲ್ಲದೆ ಬಂದ ಮಗುವೆಂದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಉಕ್ರೇನಿಗರಿಗಾಗಿ ಪೋಲೆಂಡ್ 2022ರಲ್ಲಿ ಮಾಡಿದ ವಿಶೇಷ ಕಾಯ್ದೆಯಲ್ಲಿ ಇಂಥ ಮಕ್ಕಳಿಗೆ ನ್ಯಾಯಾಲಯದ ಮೂಲಕ ತಾತ್ಕಾಲಿಕ ಪಾಲಕರನ್ನು ನೇಮಿಸುವ ವ್ಯವಸ್ಥೆಯನ್ನು ಮಾಡಿದ್ದೂ ಇದೇ ಕಾರಣಕ್ಕೆ. ಜರ್ಮನಿಯಲ್ಲಿ ಈ ಹೊಣೆ ಯುವಜನ ಕಲ್ಯಾಣ ಕಚೇರಿಯದು.

ತಂದೆ ಸೇನೆಯಲ್ಲಿರುವುದರಿಂದ ಅವರು ಹೊರಡುವ ಪ್ರಶ್ನೆಯೇ ಇಲ್ಲ. ಆದರೂ ಅವರ ಒಪ್ಪಿಗೆ ಪತ್ರವನ್ನು ಮಾಡಿಸಿಟ್ಟುಕೊಳ್ಳಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಉಕ್ರೇನ್ 1980ರ ಹೇಗ್ ಮಕ್ಕಳ ಅಪಹರಣ ಒಪ್ಪಂದಕ್ಕೂ, ಪೋಷಕರ ಹೊಣೆಗಾರಿಕೆಯನ್ನು ಕುರಿತ 1996ರ ಹೇಗ್ ಒಪ್ಪಂದಕ್ಕೂ ಸೇರಿದ ದೇಶ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ದೇಶಗಳಲ್ಲಿಯೂ ಇವೆರಡೂ ಜಾರಿಯಲ್ಲಿವೆ. ಒಬ್ಬರ ಒಪ್ಪಿಗೆಯಿಲ್ಲದೆ ಮಗುವನ್ನು ಹೊರದೇಶದಲ್ಲಿ ನೆಲೆಗೊಳಿಸಿದರೆ, ಮುಂದೊಂದು ದಿನ ಗಂಡ ಹೆಂಡಿರ ನಡುವೆ ಮನಸ್ತಾಪ ಬಂದಾಗ ಅದು ನ್ಯಾಯಾಲಯದ ಮೆಟ್ಟಿಲೇರಬಹುದು. ಈಗ ಅನ್ಯೋನ್ಯವಾಗಿರುವವರಿಗೆ ಈ ಮಾತು ಹೇಳುವುದು ಮುಜುಗರವೇ ಸರಿ, ಆದರೆ ವರ್ಷಗಟ್ಟಲೆ ದೂರವಿದ್ದ ಸಂಸಾರಗಳಲ್ಲಿ ಏನಾಗುತ್ತದೆಂದು ಯಾರೂ ಮೊದಲೇ ಬರೆದುಕೊಡಲಾರರು. ನೋಟರಿ ಸಿಗದ ಜಾಗದಲ್ಲಿರುವ ಸೈನಿಕರ ಅಧಿಕಾರ ಪತ್ರವನ್ನು ಅವರ ತುಕಡಿಯ ಕಮಾಂಡರ್ ದೃಢೀಕರಿಸಲು ಉಕ್ರೇನಿನ ಸಿವಿಲ್ ಸಂಹಿತೆಯಲ್ಲಿ ಅವಕಾಶವಿದೆ. ಶಾಲೆ, ಚಿಕಿತ್ಸೆ, ವಾಸ, ಪಾಸ್‌ಪೋರ್ಟ್ ಈ ನಾಲ್ಕು ವಿಷಯಗಳಲ್ಲಿ ತೀರ್ಮಾನಿಸುವ ಅಧಿಕಾರವನ್ನು ಪತ್ನಿಗೆ ಕೊಟ್ಟಿದ್ದೇನೆಂದು ಅದರಲ್ಲಿ ಬಿಡಿಸಿ ಬರೆಸಲಿ.

ಹುಡುಗನನ್ನು ಮೊದಲು ಕಳುಹಿಸುವ ಆತುರದ ಹಿಂದೆ ಇನ್ನೊಂದು ಲೆಕ್ಕಾಚಾರ ಇರಬಹುದೆಂದು ನನ್ನ ಊಹೆ. 18 ತುಂಬಿದ ಗಂಡಸರು 60ರ ತನಕ ಕೆಲವು ವಿನಾಯಿತಿಗಳನ್ನು ಬಿಟ್ಟರೆ ದೇಶ ಬಿಡುವಂತಿಲ್ಲ ಎಂಬ ನಿಯಮದಿಂದಾಗಿ, ಗಂಡುಮಕ್ಕಳನ್ನು ಅದಕ್ಕೆ ಮೊದಲೇ ಹೊರಗೆ ಸಾಗಿಸಿದ ಕುಟುಂಬಗಳು ಬಹಳ. 2025ರ ಆಗಸ್ಟ್ ಕೊನೆಯಲ್ಲಿ ಉಕ್ರೇನ್ ಸರ್ಕಾರ 18ರಿಂದ 22 ವರ್ಷದವರಿಗೆ ಗಡಿ ದಾಟಲು ಅನುಮತಿ ಕೊಟ್ಟ ಮೇಲೆ ಆ ಒತ್ತಡ ತಕ್ಕಮಟ್ಟಿಗೆ ತಗ್ಗಿದೆ. ನಿಮ್ಮ ಸಹೋದ್ಯೋಗಿಯ ಅಕ್ಕರೆಯ ಹುಡುಗನಿಗೆ ಇನ್ನೂ 15 ವರ್ಷ. 16 ತುಂಬಿದರೆ ಅವನು ಒಬ್ಬನೇ ಗಡಿ ದಾಟಬಹುದು ನಿಜ. ಆದರೆ ಗಡಿಯ ಆಚೆ 18ರ ತನಕ ಅವನು ಮಗುವೇ, ಅವನ ಪರವಾಗಿ ಸಹಿ ಹಾಕಲು ದೊಡ್ಡವರೊಬ್ಬರು ಬೇಕೇ ಬೇಕು.

ಈಗ ಪೋಲೆಂಡನ್ನು ಏಕೆ ಮೊದಲು ಹೇಳಿದೆನೆಂದರೆ, ಅಲ್ಲಿಗೆ ಹೋಗಲು ಇವರಿಗೆ ವೀಸಾ ಬೇಕಿಲ್ಲ. ಬಯೊಮೆಟ್ರಿಕ್ ಪಾಸ್‌ಪೋರ್ಟ್ ಇರುವ ಉಕ್ರೇನಿಗರು 2017ರ ಜೂನ್‌ನಿಂದಲೇ, ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ವೀಸಾ ಇಲ್ಲದೆ ಇರಬಹುದಾಗಿತ್ತು. ಯುದ್ಧ ಆರಂಭವಾದ ಬಳಿಕ, 2022ರ ಮಾರ್ಚ್ 4ರಂದು, ಐರೋಪ್ಯ ಒಕ್ಕೂಟವು ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು ಜಾರಿಗೆ ತಂದಿತು. ಬಾಲ್ಕನ್ ಯುದ್ಧಗಳ ಅನುಭವದಿಂದ 2001ರಲ್ಲಿ ರಚಿಸಿ, ಇಪ್ಪತ್ತು ವರ್ಷ ಕಪಾಟಿನಲ್ಲಿಯೇ ಉಳಿದಿದ್ದ ಕಾನೂನು ಅದು. 2022ರ ಫೆಬ್ರುವರಿ 24ಕ್ಕೆ ಮೊದಲು ಉಕ್ರೇನಿನಲ್ಲಿ ವಾಸವಿದ್ದು, ಅಂದು ಅಥವಾ ಅನಂತರ ಯುದ್ಧದಿಂದ ನೆಲೆ ತಪ್ಪಿದ ಉಕ್ರೇನಿಗರೆಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಒಬ್ಬೊಬ್ಬರಾಗಿ ತಮಗಿರುವ ಭಯವನ್ನು ಸಾಬೀತುಪಡಿಸಬೇಕಿಲ್ಲ, ವಸತಿಯ ಹೊಣೆ ಹೊರುವ ಪ್ರಾಯೋಜಕರು ಬೇಕಿಲ್ಲ. ಅತ್ತೆಯವರು ಸೊಸೆಯ ಅವಲಂಬಿತರೆಂದು ತೋರಿಸುವ ಅಗತ್ಯವೂ ಇಲ್ಲ. ಅವರು ತಮ್ಮದೇ ಹಕ್ಕಿನಲ್ಲಿ ಅರ್ಹರು. ಇದನ್ನು ನಿಮ್ಮ ಸಹೋದ್ಯೋಗಿ ತಂಗಿಗೆ ಬಿಡಿಸಿ ಹೇಳಲಿ, ಏಕೆಂದರೆ ಅತ್ತೆಯವರಿಗೆ ದಾರಿಯಿಲ್ಲವೆಂಬ ತಪ್ಪು ತಿಳಿವಳಿಕೆಯಿಂದಲೇ ಅವರು ಮಗನನ್ನು ಒಬ್ಬನೇ ಕಳುಹಿಸಲು ಯೋಚಿಸುತ್ತಿರಬಹುದು. ವಯಸ್ಸಾದವರು ಊರು ಬಿಟ್ಟು ಬರಲು ಒಪ್ಪದಿದ್ದರೆ ಅದು ಬೇರೆ ಮಾತು, ಅದಕ್ಕೆ ಯಾವ ಕಾನೂನಿನಲ್ಲೂ ಪರಿಹಾರವಿಲ್ಲ.

ಈ ರಕ್ಷಣೆಯ ಅವಧಿಯನ್ನು ಹಲವು ಬಾರಿ ವಿಸ್ತರಿಸಿ, ಈಗ 2027ರ ಮಾರ್ಚ್ 4ರ ವರೆಗೆ ತಂದು ನಿಲ್ಲಿಸಿದ್ದಾರೆ. ವಾಸದ ಅನುಮತಿ, ಕೆಲಸ ಮಾಡುವ ಹಕ್ಕು, ವೈದ್ಯಕೀಯ ನೆರವು ಇದರಲ್ಲಿ ಸೇರಿವೆ. 18ರೊಳಗಿನ ಮಕ್ಕಳಿಗೆ ಆ ದೇಶದ ಮಕ್ಕಳಿಗಿರುವಂತೆಯೇ ಶಾಲೆಯ ಪ್ರವೇಶ ಸಿಗಬೇಕು. ಪೋಲೆಂಡಿನಲ್ಲಿ ಆಯಾ ಊರಿನ ಪುರಸಭಾ ಕಚೇರಿಗೆ ಹೋಗಿ ಪೆಸೆಲ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು, ಅದರ ಜೊತೆಗೆ ಯುಕೆಆರ್ ಎಂಬ ಸ್ಥಾನಮಾನ ಬರುತ್ತದೆ. ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಪೋಲೆಂಡಿನಿಂದ ಹೊರಗಿದ್ದರೆ ಆ ಸ್ಥಾನಮಾನ ಕಳೆದುಹೋಗುತ್ತದೆ ಎಂಬುದು ನೆನಪಿರಲಿ. ಒಂದು ಸದಸ್ಯ ದೇಶದಲ್ಲಿ ರಕ್ಷಣೆ ಪಡೆದಿರುವಾಗಲೇ ಇನ್ನೊಂದರಲ್ಲಿಯೂ ಪಡೆಯುವಂತಿಲ್ಲ, ಆದ್ದರಿಂದ ಪೋಲೆಂಡೋ ಜರ್ಮನಿಯೋ ಜೆಕ್ ದೇಶವೋ ಎಂಬುದನ್ನು ನೋಂದಣಿಗೆ ಮೊದಲೇ ತೀರ್ಮಾನಿಸಿಕೊಳ್ಳಲಿ. ಐರ್ಲೆಂಡ್ ಕೂಡ ಈ ವ್ಯವಸ್ಥೆಯಲ್ಲಿದೆ. ಡೆನ್ಮಾರ್ಕ್ ನಿರ್ದೇಶನದ ಹೊರಗಿದ್ದರೂ ತನ್ನದೇ ವಿಶೇಷ ಕಾಯ್ದೆ ಮಾಡಿಕೊಂಡಿದೆ. ಒಕ್ಕೂಟಕ್ಕೆ ಸೇರದ ಸ್ವಿಟ್ಜರ್ಲೆಂಡ್ ಮತ್ತು ನಾರ್ವೆಗಳಲ್ಲಿಯೂ ಇಂಥದೇ ರಕ್ಷಣೆ ಇದೆ. ಆದರೆ ಪಶ್ಚಿಮದ ಲ್ವಿವ್‌ನಂಥ ಕೆಲವು ಪ್ರಾಂತ್ಯಗಳನ್ನು ಸುರಕ್ಷಿತವೆಂದು ಪರಿಗಣಿಸಿ ಅಲ್ಲಿಂದ ಬರುವವರಿಗೆ ಅವೆರಡೂ ಬಿಗಿ ನಿಯಮ ತಂದಿವೆ. ಖಾರ್ಕಿವ್ ಆ ಪಟ್ಟಿಯಲ್ಲಿಲ್ಲ.

ಪ್ರಯಾಣದ ಮಟ್ಟಿಗೆ ಹೇಳುವುದಾದರೆ, 2022ರ ಫೆಬ್ರುವರಿಯಿಂದ ಉಕ್ರೇನಿನ ಆಕಾಶದಲ್ಲಿ ನಾಗರಿಕ ವಿಮಾನಗಳಿಲ್ಲ. ರೈಲು ಅಥವಾ ಬಸ್ಸಿನಲ್ಲಿ ಪೋಲೆಂಡಿನ ಗಡಿಗೆ ಬರಬೇಕು. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ವರ್ಷ ದಾಟಿ ಬಂದ ಗಡಿಯೂ ಅದೇ.

ಇನ್ನು ಬ್ರಿಟನ್. ಐರೋಪ್ಯ ಒಕ್ಕೂಟಕ್ಕೂ ಬ್ರಿಟನ್ನಿಗೂ ಇರುವ ಮೂಲ ವ್ಯತ್ಯಾಸವೇನೆಂದರೆ, ಬ್ರಿಟನ್ ಉಕ್ರೇನಿಗರಿಗೆ ವೀಸಾ ನಿಯಮವನ್ನು ಎಂದೂ ತೆಗೆದುಹಾಕಲಿಲ್ಲ. ಅನುಮತಿ ಕೈಗೆ ಬಂದ ಮೇಲೆಯೇ ಹೊರಡಬೇಕು. ನಿಮ್ಮ ಸಹೋದ್ಯೋಗಿ ಬಂದ ಫ್ಯಾಮಿಲಿ ಸ್ಕೀಮ್ 2022ರ ಮಾರ್ಚ್ 4ರಂದು ತೆರೆದು, 2024ರ ಫೆಬ್ರುವರಿ 19ರಂದು ಮುನ್ಸೂಚನೆಯಿಲ್ಲದೆ ಮುಚ್ಚಿತು. ಹಳೆಯ ಲೇಖನಗಳಲ್ಲಿ ಅದರ ಹೆಸರು ಈಗಲೂ ಕಾಣಸಿಗುತ್ತದೆ, ನಂಬಬೇಡಿ. ಈಗ ಹೊಸಬರಿಗೆ ಉಳಿದಿರುವುದು ಬ್ರಿಟನ್ನಿನಲ್ಲಿರುವವರು ಪ್ರಾಯೋಜಕರಾಗಿ ವಸತಿ ಕೊಡುವ ಹೋಮ್ಸ್ ಫಾರ್ ಉಕ್ರೇನ್ ಎಂಬ ಯೋಜನೆಯೊಂದೇ. ಅರ್ಜಿದಾರರು 2022ರ ಜನವರಿ 1ಕ್ಕೆ ಮೊದಲು ಉಕ್ರೇನಿನಲ್ಲಿ ವಾಸವಿದ್ದಿರಬೇಕು, ಅರ್ಜಿ ಹಾಕುವಾಗ ಬ್ರಿಟನ್ನಿನ ಹೊರಗಿರಬೇಕು. ಉಕ್ರೇನಿನಲ್ಲಿಯೇ ಇರಬೇಕೆಂದಿಲ್ಲ, ಪೋಲೆಂಡಿನಿಂದಲೂ ಹಾಕಬಹುದು. ಮೊದಲು ಮೂರು ವರ್ಷದ ಅನುಮತಿ ಕೊಡುತ್ತಿದ್ದರು, 2024ರ ಫೆಬ್ರುವರಿಯ ಬದಲಾವಣೆಯ ನಂತರ 18 ತಿಂಗಳು ಮಾತ್ರ. ಅದು ಮುಗಿಯುವ ಮುನ್ನ 2025ರ ಫೆಬ್ರುವರಿಯಲ್ಲಿ ಆರಂಭವಾದ ಅನುಮತಿ ವಿಸ್ತರಣೆಯ ಯೋಜನೆಯಲ್ಲಿ ಇನ್ನೂ 18 ತಿಂಗಳು ಕೇಳಬಹುದು, ಮುಂದೆ ಮತ್ತೆ 24 ತಿಂಗಳು ಕೊಡುವುದಾಗಿ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ನಿಮಗೆ ಸಿಕ್ಕಂಥ ಕಾಯಂ ವಾಸಕ್ಕೆ ಈ ಯೋಜನೆಗಳು ದಾರಿಯಲ್ಲ.

ಪ್ರಾಯೋಜಕರು ಯಾರಾಗಬಹುದು ಎಂಬಲ್ಲಿ ನಿಮ್ಮ ಮನೆಯ ಪರಿಸ್ಥಿತಿಯೇ ನಿರ್ಣಾಯಕ. ಮೊದಲು ಆರು ತಿಂಗಳಿಗೆ ಕಡಿಮೆಯಿಲ್ಲದ ವೀಸಾ ಉಳಿದಿದ್ದ ಯಾರಾದರೂ ಆಗಬಹುದಿತ್ತು. ಈಗ ಬ್ರಿಟಿಷ್ ಅಥವಾ ಐರಿಷ್ ಪೌರರು, ಇಲ್ಲವೇ ಕಾಯಂ ವಾಸದ ಅನುಮತಿ ಇರುವವರು ಮಾತ್ರ. ಹಾಗಾಗಿ ನಿಮ್ಮ ಪತಿಯವರ ಹೆಸರಿನಲ್ಲಿ ಆಗುವುದಿಲ್ಲ, ನಿಮ್ಮ ಹೆಸರಿನಲ್ಲಿ ಆಗುತ್ತದೆ. ನಿಮ್ಮ ಸಹೋದ್ಯೋಗಿಗೆ ಇರುವುದು ಅವಧಿಯ ಅನುಮತಿಯಾದ್ದರಿಂದ, ಸ್ವಂತ ಅಕ್ಕನಾದರೂ ಅವರು ತಂಗಿಗೆ ಪ್ರಾಯೋಜಕರಾಗಲಾರರು. 2025ರ ಜನವರಿ ಕೊನೆಯಲ್ಲಿ ಒಂದು ವಿನಾಯಿತಿ ಬಂದಿದೆ: ಉಕ್ರೇನ್ ಯೋಜನೆಯಲ್ಲಿ ಬ್ರಿಟನ್ನಿನಲ್ಲಿರುವ ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರು ತಮ್ಮ ಸ್ವಂತ ಮಗುವನ್ನು ಪ್ರಾಯೋಜಿಸಬಹುದು. ದೊಡ್ಡಮ್ಮನಿಗೆ ಅದು ಅನ್ವಯಿಸುವುದಿಲ್ಲ.

ಪ್ರಾಯೋಜಕರು ಕನಿಷ್ಠ ಆರು ತಿಂಗಳು ವಸತಿ ಕೊಡುವುದಾಗಿ ಒಪ್ಪಬೇಕು, ಬಾಡಿಗೆ ಕೇಳುವಂತಿಲ್ಲ. ಕೌನ್ಸಿಲ್ ಮೂಲಕ ತಿಂಗಳಿಗೆ 350 ಪೌಂಡಿನ ಧನ್ಯವಾದದ ಮೊತ್ತ ಸಿಗುತ್ತದೆ. ಕೌನ್ಸಿಲ್‌ನವರು ಬಂದು ಮನೆ ನೋಡುತ್ತಾರೆ, ಮನೆಯಲ್ಲಿರುವ ದೊಡ್ಡವರ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ. ಊರಿನಿಂದ ಬಂದು ತಿಂಗಳುಗಟ್ಟಲೆ ಇರುವ ನಿಮ್ಮ ತಂದೆ ತಾಯಿ ಅಥವಾ ಅತ್ತೆ ಮಾವ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಎರಡು ಕೋಣೆಗಳೆಂದರೆ ತಾಯಿ ಮಗಳಿಗೆ ಒಂದು, ಹುಡುಗನಿಗೆ ಒಂದು ಎಂದು ಸರಿಹೋಗುತ್ತದೆ. ಅಜ್ಜಿಯವರೂ ಬರುವುದಾದರೆ ಇಕ್ಕಟ್ಟಿನ ಪ್ರಶ್ನೆ ಏಳುತ್ತದೆ. ಅಂಥ ಸಂದರ್ಭದಲ್ಲಿ ಹತ್ತಿರದಲ್ಲೇ ಇನ್ನೊಬ್ಬ ಅರ್ಹ ಪ್ರಾಯೋಜಕರನ್ನು ಹುಡುಕಿಕೊಳ್ಳುವುದು ಮೇಲು.

ತಾಯಿಯೊಂದಿಗೆ ಬರುವ ಮಕ್ಕಳಿಗೆ ಇಷ್ಟು ಸಾಕು. ಹುಡುಗ ಒಬ್ಬನೇ ಅಥವಾ ಅಜ್ಜಿಯೊಂದಿಗೆ ಬರುವುದಾದರೆ ಲೆಕ್ಕವೇ ಬೇರೆ. 2022ರಲ್ಲಿ ಮೊದಲ ಕೆಲವು ತಿಂಗಳು ಇಂಥ ಮಕ್ಕಳಿಗೆ ವೀಸಾವನ್ನೇ ಕೊಡುತ್ತಿರಲಿಲ್ಲ, ಅರ್ಜಿ ಹಾಕಿದ ನೂರಾರು ಮಕ್ಕಳು ನಡುವೆಯೇ ಸಿಲುಕಿಕೊಂಡರು. ಆ ವರ್ಷದ ಜೂನ್‌ನಲ್ಲಿ ನಿಯಮ ಬದಲಾಯಿತು. ಈಗ ತಂದೆ ಅಥವಾ ತಾಯಿಯ ಒಪ್ಪಿಗೆ ಲಿಖಿತವಾಗಿ, ಉಕ್ರೇನಿನ ನೋಟರಿ ಅಥವಾ ಅಧಿಕೃತ ಪ್ರಾಧಿಕಾರದ ದೃಢೀಕರಣದೊಂದಿಗೆ ಇರಬೇಕು. ವೀಸಾ ಕೊಡುವುದಕ್ಕೆ ಮೊದಲೇ ಕೌನ್ಸಿಲ್‌ನವರು ಮನೆಯನ್ನೂ ಪ್ರಾಯೋಜಕರನ್ನೂ ಒಪ್ಪಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತೀರಾ ಅಸಾಧಾರಣ ಸಂದರ್ಭಗಳನ್ನು ಬಿಟ್ಟರೆ, ಪ್ರಾಯೋಜಕರು ಮಗುವಿನ ತಂದೆ ತಾಯಿಗೆ ವೈಯಕ್ತಿಕವಾಗಿ ಪರಿಚಿತರಾಗಿರಬೇಕು. ನೀವು ಅವರಿಗೆ ಅಕ್ಕನ ಸಹೋದ್ಯೋಗಿ ಮಾತ್ರ. ನಿಮ್ಮ ಸದುದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಕೌನ್ಸಿಲಿನ ಅಧಿಕಾರಿಗೆ ಸಂಶಯ ಪಡುವುದೇ ಕರ್ತವ್ಯ. ಅಪರಿಚಿತರ ಮನೆಗೆ ಒಂಟಿ ಮಗು ಬರುವಾಗ ಆ ಸಂಶಯ ಇರಲೇಬೇಕೆಂಬುದು ನನ್ನ ನಿಲುವು. ಇಂಗ್ಲೆಂಡಿನ ಕಾನೂನಿನಲ್ಲಿ 16ರೊಳಗಿನ ಮಗು ಹತ್ತಿರದ ಸಂಬಂಧಿಕರಲ್ಲದವರ ಮನೆಯಲ್ಲಿ 28 ದಿನ ಅಥವಾ ಹೆಚ್ಚು ಕಾಲ ಇದ್ದರೆ ಅದನ್ನು ಖಾಸಗಿ ಪಾಲನೆ ಎಂದು ಪರಿಗಣಿಸಿ ಕೌನ್ಸಿಲ್ ನಿಗಾ ಇಡುತ್ತದೆ. ದೊಡ್ಡಮ್ಮನ ಮನೆಯಲ್ಲಿದ್ದರೆ ಆ ನಿಯಮ ತಗಲುವುದಿಲ್ಲ, ಅವರು ಹತ್ತಿರದ ಸಂಬಂಧಿಕರೇ. ಆದರೆ ಅವರು ಪ್ರಾಯೋಜಕರಾಗಲಾರರು, ನೀವು ಸಂಬಂಧಿಕರಲ್ಲ. ಹುಡುಗನನ್ನು ಮುಂದೆ ಕಳುಹಿಸಬೇಡಿ ಎಂದು ಮೊದಲೇ ಹೇಳಿದ್ದು ಈ ತೊಡಕಿನಿಂದಾಗಿ.

ಕೆನಡಾ ಮತ್ತು ಅಮೆರಿಕದ ವಿಷಯವನ್ನು ಬೇಗ ಮುಗಿಸಬಹುದು. ಕೆನಡಾದ ತುರ್ತು ಪ್ರಯಾಣ ಯೋಜನೆಗೆ ಹೊರಗಿನಿಂದ ಅರ್ಜಿ ಹಾಕುವ ಅವಕಾಶ 2023ರ ಜುಲೈ 15ಕ್ಕೆ ಮುಗಿಯಿತು, ಅನುಮತಿ ಪಡೆದವರು ಆ ಯೋಜನೆಯ ಸವಲತ್ತಿನಲ್ಲಿ ಬಂದು ಸೇರಲು 2024ರ ಮಾರ್ಚ್ 31 ಕೊನೆಯ ದಿನವಾಗಿತ್ತು. ಅಮೆರಿಕದ ಯುನೈಟಿಂಗ್ ಫಾರ್ ಉಕ್ರೇನ್ ಯೋಜನೆಯಲ್ಲಿ ಹೊಸ ಅರ್ಜಿಗಳನ್ನು 2025ರ ಜನವರಿಯಲ್ಲಿ ನಿಲ್ಲಿಸಿದರು. ಅದು ಜಾರಿಯಲ್ಲಿದ್ದಾಗಲೂ 18ರೊಳಗಿನವರು ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರೊಂದಿಗೇ ಬರಬೇಕಾಗಿತ್ತು; ಹಾಗಲ್ಲದೆ ಬಂದ ಮಗುವನ್ನು ಸರ್ಕಾರಿ ಪಾಲನೆಗೆ ಒಪ್ಪಿಸುವ ಕಾನೂನು ಅಲ್ಲಿದೆ. ಉಕ್ರೇನಿಗರಿಗಾಗಿ ಅಮೆರಿಕದಲ್ಲಿರುವ ತಾತ್ಕಾಲಿಕ ಸಂರಕ್ಷಣೆಯ ಸ್ಥಾನಮಾನ ನಿಗದಿತ ದಿನಾಂಕಕ್ಕೆ ಮೊದಲೇ ಅಲ್ಲಿ ಇದ್ದವರಿಗೆ ಮಾತ್ರ.

ಮೈಸೂರಿನ ಮನೆಯ ಬಗ್ಗೆ ಕೇಳಿದ್ದೀರಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಉಕ್ರೇನಿಗರಿಗೆಂದೇ ಮಾಡಿದ ರಕ್ಷಣೆಯ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಕೆಲವು ವಾರ ತಂಗಬಹುದು, ಆದರೆ ಆ ವೀಸಾದಲ್ಲಿ ಮಕ್ಕಳು ಶಾಲೆಗೆ ಸೇರುವಂತಿಲ್ಲ, ತಾಯಿ ದುಡಿಯುವಂತಿಲ್ಲ, ಅವಧಿ ಮೀರಿದರೆ ದಂಡ. ವರ್ಷಗಟ್ಟಲೆ ಬದುಕು ಕಟ್ಟಿಕೊಳ್ಳಬೇಕಾದವರಿಗೆ ನಾನು ಅದನ್ನು ಸೂಚಿಸಲಾರೆ.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಇಬ್ಬರು ಮಕ್ಕಳಿಗೂ ಪ್ರತ್ಯೇಕ ವಿದೇಶಿ ಪಾಸ್‌ಪೋರ್ಟ್ ಇದೆಯೇ ಎಂದು ತಂಗಿ ಮೊದಲು ನೋಡಲಿ. ಜನನ ಪ್ರಮಾಣಪತ್ರಗಳ ಮೂಲಪ್ರತಿ, 2022ಕ್ಕೆ ಮೊದಲು ಖಾರ್ಕಿವ್‌ನಲ್ಲಿ ವಾಸವಿದ್ದುದಕ್ಕೆ ದಾಖಲೆ, ತಂದೆಯ ಪತ್ರ, ಲಸಿಕೆಯ ಕಾರ್ಡು, ಶಾಲೆಯ ಅಂಕಪಟ್ಟಿ ಇವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಲಿ. ಉಕ್ರೇನ್ ಸರ್ಕಾರದ ದಿಯಾ ಆ್ಯಪ್‌ನಲ್ಲಿರುವ ದಾಖಲೆಗಳ ಡಿಜಿಟಲ್ ಪ್ರತಿ ಉಕ್ರೇನಿನೊಳಗೆ ಚೆನ್ನಾಗಿ ನಡೆಯುತ್ತದೆ, ಹೊರದೇಶದ ಕಚೇರಿಯಲ್ಲಿ ಅದನ್ನೇ ನೆಚ್ಚಿಕೊಳ್ಳಬಾರದು. ಪಾಸ್‌ಪೋರ್ಟ್ ವಿಳಂಬವಾಗುವಂತಿದ್ದರೆ ಗಡಿ ದಾಟಿದ ಮೇಲೆ ವಾರ್ಸಾದಲ್ಲಿರುವ ಉಕ್ರೇನಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೂ ಮಾಡಿಸಿಕೊಳ್ಳಬಹುದು. ಅತ್ತ ಅವರು ಇದನ್ನು ಮಾಡುತ್ತಿರುವಾಗ ಇತ್ತ ನೀವು ರೆಡಿಂಗ್ ಕೌನ್ಸಿಲಿನ ಉಕ್ರೇನ್ ತಂಡದೊಂದಿಗೆ ಮಾತನಾಡಿ, ವಿಡಿಯೊ ಕರೆಯಲ್ಲಿ ಆ ತಾಯಿಯ ಪರಿಚಯ ಮಾಡಿಕೊಳ್ಳಿ. ಆರು ತಿಂಗಳು ಒಂದೇ ಅಡುಗೆಮನೆಯನ್ನು ಹಂಚಿಕೊಳ್ಳಬೇಕಾದವರು ಊಟ, ನಿದ್ದೆ, ಮಕ್ಕಳ ಶಾಲೆಯ ಬಗ್ಗೆ ಮೊದಲೇ ಬಿಚ್ಚುಮನಸ್ಸಿನಿಂದ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಬ್ರಿಟನ್ನಿನ ಈ ಅರ್ಜಿಗೆ ಶುಲ್ಕವಿಲ್ಲ, ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕವೂ ಇಲ್ಲ. ವೀಸಾ ಕೊಡಿಸುತ್ತೇನೆಂದು ಹಣ ಕೇಳುವವರು ಎದುರಾದರೆ ದೂರವಿರಿ. ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ವಲಸೆ ಸಲಹಾ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು, ನೋಂದಾಯಿತರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅರ್ಜಿ ತುಂಬುವಾಗ ತಾಯಿ ಮತ್ತು ಇಬ್ಬರು ಮಕ್ಕಳದು ಬೇರೆ ಬೇರೆ ಅರ್ಜಿಗಳಾದರೂ ಒಂದೇ ದಿನ, ಒಂದೇ ಪ್ರಾಯೋಜಕರ ಹೆಸರಿನಲ್ಲಿ ಸಲ್ಲಿಸಿ, ಪ್ರತಿಯೊಂದರಲ್ಲಿಯೂ ಉಳಿದಿಬ್ಬರ ಅರ್ಜಿ ಸಂಖ್ಯೆಯನ್ನು ತಪ್ಪದೆ ನಮೂದಿಸಿ. ಮಗಳ ವೀಸಾ ಮೊದಲು ಬಂದು ತಾಯಿಯದು ತಡವಾದರೆ, ಮೂವರದೂ ಕೈಗೆ ಬರುವ ತನಕ ವಿಮಾನದ ಟಿಕೆಟ್ ಕೊಳ್ಳಬೇಡಿ.